ಧರೆ ಕುಸಿತ ತಡೆಗೆ ಲಾವಂಚ



2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಹಲವು ಗ್ರಾಮಗಳ ರಸ್ತೆ ಸಂಪರ್ಕ ಕಡಿದುಹೋಯಿತು. ಮಲೆನಾಡಿನಲ್ಲಿ ಒಂದು ರಸ್ತೆ ಮುಚ್ಚಿದರೆ ಗರ್ಭಿಣಿಗೆ ಆಸ್ಪತ್ರೆ, ಮಕ್ಕಳಿಗೆ ಶಾಲೆ ದೂರವಾಗುತ್ತವೆ. ಆದರೆ ಪ್ರತಿಯೊಂದು ಧರೆಗೂ ಕಾಂಕ್ರೀಟ್ ತಡೆಗೋಡೆ ಕಟ್ಟುವಷ್ಟು ಅನುದಾನ ಗ್ರಾಮ ಪಂಚಾಯಿತಿಗಳಿಗೆ ಲಭ್ಯವಿರುವುದಿಲ್ಲ.

ಸಣ್ಣ ಧರೆಗಳ ಮಟ್ಟಿಗೆ ಪರಿಹಾರವು ಈ ನಾಡಿನಲ್ಲಿಯೇ ಇದೆ. ಗುಂಡ್ಲುಪೇಟೆ ಸೀಮೆಯ ರೈತರು ತಲೆಮಾರುಗಳಿಂದ ಹೊಲದ ಬದುಗಳಲ್ಲಿ ಲಾವಂಚ ಬೆಳೆಸಿದವರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಇದೇ ಹುಲ್ಲನ್ನು ಮಣ್ಣು ಸಂರಕ್ಷಣೆಗೆ ಪ್ರಚುರಪಡಿಸಿದರು. ಇದರ ಬೇರು ನೇರವಾಗಿ ಕೆಳಗಿಳಿದು, ಸಡಿಲ ಮಣ್ಣಿನಲ್ಲಿ 2ರಿಂದ 3 ಮೀಟರ್ ಆಳ ತಲುಪಬಲ್ಲದು. ಒತ್ತಾದ ಬುಡವು ಹರಿಯುವ ನೀರಿನ ವೇಗವನ್ನು ತಗ್ಗಿಸಿ ಮಣ್ಣನ್ನು ತಡೆಹಿಡಿಯುತ್ತದೆ.

ಕಾಮಗಾರಿಯ ಕ್ರಮ ಮಾತ್ರ ತಪ್ಪಬಾರದು. ಮೊದಲು ಧರೆಯ ಮೇಲ್ಭಾಗದಲ್ಲಿ ಚರಂಡಿ ತೆಗೆದು ನೀರನ್ನು ಸುರಕ್ಷಿತವಾಗಿ ಹೊರಹರಿಸಬೇಕು. ಕಡಿದಾದ ಮುಖವನ್ನು ಇಳಿಜಾರುಗೊಳಿಸಬೇಕು. ಅನಂತರ ಮುಂಗಾರಿನ ಆರಂಭದಲ್ಲಿ, ಇಳಿಜಾರಿಗೆ ಅಡ್ಡಲಾಗಿ, 10ರಿಂದ 15 ಸೆಂಟಿಮೀಟರ್ ಅಂತರದಲ್ಲಿ ಸಸಿಗಳನ್ನು ಸಾಲಾಗಿ ನೆಡಬೇಕು. ಒಣಗಿದಲ್ಲಿ ಮರುನಾಟಿ ಅಗತ್ಯ. ದಟ್ಟ ನೆರಳಿನಲ್ಲಿ ಲಾವಂಚ ಚೆನ್ನಾಗಿ ಬೆಳೆಯದು.

ಬೇರು ಹಿಡಿದಿಡುವುದು ಮೇಲ್ಪದರವನ್ನಷ್ಟೇ. ಗುಡ್ಡದ ಮೇಲೆ ಬಿರುಕು ಬಿಟ್ಟಿದ್ದರೆ, ಮರಗಳು ವಾಲಿದ್ದರೆ, ಹೊಸದಾಗಿ ನೀರು ಜಿನುಗುತ್ತಿದ್ದರೆ ಅದು ಆಳದ ಕುಸಿತದ ಮುನ್ಸೂಚನೆಯಾಗಿರಬಹುದು. ಅಲ್ಲಿ ಹುಲ್ಲನ್ನು ನಂಬದೆ, ಮೊದಲು ಜನರನ್ನು ಸ್ಥಳಾಂತರಿಸಿ ತಜ್ಞರಿಂದ ಪರಿಶೀಲನೆ ಮಾಡಿಸಬೇಕು.

ಮಳೆಗಾಲಕ್ಕೆ ಮುನ್ನ ಪ್ರತಿ ಪಂಚಾಯಿತಿಯೂ ತನ್ನ ವ್ಯಾಪ್ತಿಯ ಧರೆಗಳನ್ನು ಈ ಎರಡು ಬಗೆಯಾಗಿ ಪಟ್ಟಿಮಾಡಲಿ. ಲಾವಂಚದ ಸಾಲು ಒಂದು ಕಡೆ ರಸ್ತೆಯನ್ನು ಉಳಿಸುತ್ತದೆ. ಸಕಾಲದ ಎಚ್ಚರಿಕೆ ಇನ್ನೊಂದು ಕಡೆ ಜೀವವನ್ನು ಉಳಿಸುತ್ತದೆ.