ಬಡಿತ ಕೇಳದಾಗ



ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ಹೆಸರು ನೀವು ಕೇಳಿಯೇ ಇರುತ್ತೀರಿ. ಅಲ್ಲಿ ಈಗ ಟೆಂಡರು ನಡೆಯುವುದು ಗಣಕಯಂತ್ರದ ಮೂಲಕ. ಕೃಷಿ ಮಾರುಕಟ್ಟೆಗಳನ್ನು ಜೋಡಿಸುವ ಏಕೀಕೃತ ವೇದಿಕೆ ಕರ್ನಾಟಕದಲ್ಲಿ 2014ರಲ್ಲಿ ಆರಂಭವಾಯಿತು. ಇಂಥ ಕಡೆ ಸರ್ವರ್ ನಿಂತರೆ, ಚೀಲ ಇಳಿಸಿದ ರೈತ ಕಾಯುತ್ತ ಕೂಡಬೇಕು. ಆದ್ದರಿಂದ ಮುಖ್ಯ ಕೆಲಸಗಳಿಗೆ ಒಂದಕ್ಕಿಂತ ಹೆಚ್ಚು ಸರ್ವರುಗಳನ್ನು ಜೊತೆಗೂಡಿಸಿ ಇಡುತ್ತಾರೆ. ಇದೇ ಕ್ಲಸ್ಟರ್.

ಒಂದು ಯಂತ್ರ ಹಾವೇರಿಯಲ್ಲಿ, ಇನ್ನೊಂದು ರಾಣೆಬೆನ್ನೂರಿನಲ್ಲಿ ಇದೆ ಎಂದಿಟ್ಟುಕೊಳ್ಳಿ. ಹಾವೇರಿಯದು ದುಡಿಯುತ್ತದೆ, ರಾಣೆಬೆನ್ನೂರಿನದು ಕಾದಿರುತ್ತದೆ. ಎರಡೂ ಪರಸ್ಪರ "ನಾನಿದ್ದೇನೆ" ಎಂಬ ಪುಟ್ಟ ಸಂಕೇತವನ್ನು ಬಿಡದೆ ಕಳಿಸುತ್ತವೆ. ಇದಕ್ಕೆ ಹಾರ್ಟ್‌ಬೀಟ್, ಅಂದರೆ ಎದೆಬಡಿತ ಎಂದು ಹೆಸರು. ಬಡಿತ ಕೇಳದಿದ್ದರೆ?

ಯಂತ್ರ ಸತ್ತಿತು ಎನ್ನುವಿರಿ. ತೊಡಕು ಇರುವುದೇ ಅಲ್ಲಿ. ಹಾವೇರಿ ಮತ್ತು ಮೋಟೆಬೆನ್ನೂರಿನ ನಡುವೆ ರಸ್ತೆ ಅಗೆಯುವಾಗ ಕೇಬಲ್ ತುಂಡಾದರೂ ಬಡಿತ ಕೇಳಿಸದು. ಹಾವೇರಿಯ ಯಂತ್ರ ದುಡಿಯುತ್ತಲೇ ಇರುತ್ತದೆ. ರಾಣೆಬೆನ್ನೂರಿನದೂ ಯಜಮಾನಿಕೆ ವಹಿಸಿಕೊಳ್ಳುತ್ತದೆ. ಒಂದೇ ಲಾಟಿಗೆ ಎರಡು ಕಡೆ ಎರಡು ದರ! ಇದನ್ನು ಸ್ಪ್ಲಿಟ್ ಬ್ರೇನ್ ಎನ್ನುತ್ತಾರೆ. ಇದಕ್ಕಿಂತ ಎರಡೂ ಕೆಟ್ಟು ನಿಂತಿದ್ದರೇ ಮೇಲಾಗಿತ್ತು.

ಇಂಥದೇ ಒಂದು ತೊಂದರೆ 2018ರ ಅಕ್ಟೋಬರ್ 21ರಂದು ಅಮೆರಿಕದ ಗಿಟ್‌ಹಬ್ ಸಂಸ್ಥೆಯಲ್ಲಿ ಆಯಿತು. ಸಂಪರ್ಕ ಕಡಿದದ್ದು ಕೇವಲ 43 ಸೆಕೆಂಡು. ಅಷ್ಟಕ್ಕೇ ಯಜಮಾನಿಕೆ ಪಶ್ಚಿಮ ಕರಾವಳಿಗೆ ಹೋಯಿತು. ಪೂರ್ವದಲ್ಲಿ ಬರೆದಿದ್ದ ಕೆಲವು ದಾಖಲೆಗಳು ಅಲ್ಲಿಗೆ ತಲುಪಿರಲೇ ಇಲ್ಲ. ಸೇವೆ ಸರಿಹೋಗಲು 24 ಗಂಟೆ 11 ನಿಮಿಷ ಹಿಡಿಯಿತು.

ರೈಲ್ವೆಯವರಿಗೆ ಇದು ಹಳೆಯ ಪಾಠ. ಒಂಟಿ ಹಳಿಯ ಮೇಲೆ ಮುಂದಿನ ನಿಲ್ದಾಣದಿಂದ ಉತ್ತರ ಬಾರದಿದ್ದರೆ, ದಾರಿ ಖಾಲಿ ಇದೆಯೆಂದು ಸ್ಟೇಷನ್ ಮಾಸ್ತರರು ಗಾಡಿ ಬಿಡುವುದಿಲ್ಲ. ಕ್ಲಸ್ಟರಿನಲ್ಲಿ ಈ ಶಿಸ್ತು ಬರುವುದು ಮತದಾನದಿಂದ. ಬ್ಯಾಡಗಿಯಲ್ಲಿ ಮೂರನೆಯ ಪುಟ್ಟ ಯಂತ್ರವಿಟ್ಟು ಅದಕ್ಕೊಂದು ಮತ ಕೊಡಿ. ಈಗ ಕೇಬಲ್ ತುಂಡಾದರೆ ಬ್ಯಾಡಗಿ, ರಾಣೆಬೆನ್ನೂರು ಒಂದು ಕಡೆ, ಎರಡು ಮತ. ಒಂಟಿಯಾದ ಹಾವೇರಿ ತಾನಾಗಿ ಕೈಕಟ್ಟಿ ಕೂರಬೇಕು.

ಇನ್ನು ದೋಷ ಹುಡುಕುವ ಬಗೆ. ಟೀವಿ ಪರದೆ ಮಸುಕಾದರೆ ನಿಲಯವೇ ಮುಚ್ಚಿತೆನ್ನದೆ ಮೊದಲು ಆಂಟೆನಾ ನೋಡುತ್ತಿದ್ದೆವಲ್ಲ, ಹಾಗೆ. ಎರಡೂ ಯಂತ್ರಗಳ ದಿನಚರಿ ಕಡತ ತೆರೆಯಿರಿ. "ಅದು ಸತ್ತಿತು" ಎಂದು ಎರಡೂ ಬರೆದಿದ್ದರೆ ಸತ್ತಿರುವುದು ದಾರಿ. ಪಿಂಗ್‌ಗೆ ಉತ್ತರ ಬಂದಿತೆಂದು ನಿಶ್ಚಿಂತರಾಗಬೇಡಿ: ಕೊರೊಸಿಂಕ್ ಎಂಬ ತಂತ್ರಾಂಶದ ಬಡಿತ ಸಾಮಾನ್ಯವಾಗಿ ಯುಡಿಪಿ 5405ನೆಯ ಬಾಗಿಲಿನಲ್ಲಿ ಸಾಗುತ್ತದೆ, ಫೈರ್‌ವಾಲ್ ಪಿಂಗನ್ನು ಬಿಟ್ಟು ಅದನ್ನಷ್ಟೇ ತಡೆದಿರಬಹುದು. ಕೆಲಸದ ಒತ್ತಡದಲ್ಲಿ ಬಡಿತ ತಡವಾಗುವುದೂ ಉಂಟು. ಎರಡು ಕೇಬಲ್ ಎಳೆದು ಎರಡನ್ನೂ ಒಂದೇ ಸ್ವಿಚ್ಚಿಗೆ ಚುಚ್ಚಿದ್ದರೆ, ಅದು ಬರೀ ಹಣದ ದಂಡ.

ಎಲ್ಲ ಸರಿಯಾಯಿತೆಂದ ಮೇಲೆ, ಮಾರುಕಟ್ಟೆ ಇಲ್ಲದ ದಿನ ನೋಡಿ, ಬೇಕೆಂದೇ ಒಂದು ಕೇಬಲ್ ಕಿತ್ತು ನೋಡಬೇಕು.