ಪಂಚಮಿಗೆ ಅಕಿ ಯಾರ ಮನಿಗೆ ಹೋಗ್ತಾಳ?

(ಪಾಡ್‌ಕಾಸ್ಟ್ ಕಂತಿನ ಅಕ್ಷರರೂಪ. ಓದಿಗೆ ಅನುಕೂಲವಾಗುವಷ್ಟು ಮಾತ್ರ ತಿದ್ದಿದ್ದೇವೆ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ನಾನು ರೋಣದ ಕಡೆಯ ಒಂದು ಹಳ್ಳಿಯವಳು. ನರಗುಂದದಲ್ಲಿ ಕೆಲಸ ಮಾಡ್ತೀನಿ, ರಾತ್ರಿ ಊಟ ಆದಮೇಲೆ ಮೊಬೈಲ್‌ನಲ್ಲಿ ಪ್ರೇಮಕಥೆ ಬರೀತೀನಿ. ಕಂತು ಕಂತಾಗಿ ಬರುವ ಕಥೆಗಳು. ಓದುವವರು ಇದ್ದಾರೆ, ಬೈಯುವವರೂ ಇದ್ದಾರೆ. ಬೈಯೋದಕ್ಕೆ ಕಾರಣ, ನನ್ನ ಕಥೆಯಲ್ಲಿ ಪ್ರೀತಿ ಮಾಡೋರು ಇಬ್ಬರಲ್ಲ, ಮೂವರು.

ಇದಕ್ಕೆ ಪಾಲಿಅಮರಿ ಅಂತಾರೆ. ಕನ್ನಡದಲ್ಲಿ ಬಹುಪ್ರೇಮ ಅನ್ನಬಹುದು. ಒಬ್ಬರಿಗಿಂತ ಹೆಚ್ಚು ಜನರನ್ನು ಪ್ರೀತಿಸೋದು, ಆದರೆ ಎಲ್ಲರಿಗೂ ಗೊತ್ತಿದ್ದು, ಎಲ್ಲರ ಒಪ್ಪಿಗೆ ಇದ್ದು. ಕದ್ದುಮುಚ್ಚಿ ಮಾಡೋದು ಇದಲ್ಲ. ಎರಡನೇ ಮದುವೆಯೂ ಇದಲ್ಲ. ಈ ಗೆರೆ ನೆನಪಿಟ್ಟುಕೊಳ್ರಿ, ಆಮೇಲೆ ಬೇಕಾಗ್ತದೆ.

ನನ್ನ ಮೊದಲ ಕಥೆಯಲ್ಲಿ ಒಬ್ಬ ನರ್ಸು, ಅವಳ ಗಂಡ, ಅವನ ಗೆಳೆಯ. ಮೂವರೂ ಬೆಂಗಳೂರಿನ ಒಂದು ಬಾಡಿಗೆ ಮನೆಯಲ್ಲಿ ಇರ್ತಾರೆ. ಮಳೆ ಬರ್ತದೆ, ಕಾಫಿ ಕುಡೀತಾರೆ, ಮುನಿಸು, ರಾಜಿ. ಮೂವತ್ತು ಕಂತು ಹೋಯ್ತು. ಪಂಚಮಿಗೆ ವಾರ ಇರುವಾಗ ನಮ್ಮ ಅವ್ವ ಅದನ್ನ ಪೂರ್ತಿ ಓದಿಬಿಟ್ಟಳು. ಫೋನು ಕೊಟ್ಟು ಓದೋದು ಕಲಿಸಿದವಳು ನಾನೇ, ಯಾರನ್ನ ಬೈಯಲಿ?

ಬೈತಾಳೆ ಅಂತ ಕಾಯ್ತಿದ್ದೆ. ಶೇಂಗಾ ಹುರೀತಾ ಕೂತಿದ್ದಳು. ಮುಖ ಎತ್ತದೆ ಒಂದೇ ಮಾತು ಕೇಳಿದಳು: "ಅಲ್ಲವಾ, ಪಂಚಮಿಗೆ ಅಕಿ ಯಾರ ಮನಿಗೆ ಹೋಗ್ತಾಳ?"

ನನಗೆ ಉತ್ತರ ಬರಲಿಲ್ಲ. ಮೂವತ್ತು ಕಂತಿನಲ್ಲಿ ಒಂದೂ ಹಬ್ಬ ಇರಲಿಲ್ಲ. ಒಬ್ಬರಿಗೂ ಅವ್ವ ಅಪ್ಪ ಇರಲಿಲ್ಲ, ಯಾರ ಊರಿಂದಲೂ ಫೋನ್ ಬರ್ತಿರಲಿಲ್ಲ. ಮನೆತನದಿಂದ ತಪ್ಪಿಸಿಕೊಳ್ಳೋದಕ್ಕೇ ಅವರನ್ನ ಬೆಂಗಳೂರಿಗೆ ಕಳಿಸಿದ್ದೆ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ತವರಿಗೆ ಕರ್ಕೊಂಡು ಹೋಗ್ತಾನೆ. ಜೋಕಾಲಿ ಕಟ್ತಾರೆ. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಅಳ್ಳಿಟ್ಟು ಡಬ್ಬಿ ತುಂಬ್ತಾರೆ. ಆ ದಿನ ಯಾರು ಯಾರ ಮನೆಯಲ್ಲಿ ಇರ್ತಾರೆ ಅನ್ನೋದನ್ನ ಓಣಿಗೆ ಓಣಿಯೇ ಲೆಕ್ಕ ಇಡ್ತದೆ. ಅಂಥ ದಿನ ನನ್ನ ನಾಯಕಿ ಎಲ್ಲಿರ್ತಾಳೆ ಅಂತ ನನಗೇ ಗೊತ್ತಿರಲಿಲ್ಲ.

ಅವ್ವನ ಪ್ರಶ್ನೆ ನಾಟಿದ್ದಕ್ಕೆ ಇನ್ನೊಂದು ಕಾರಣ ಇದೆ. ನಮ್ಮ ತಾಯಿಯ ಅಪ್ಪ, ಅಂದರೆ ನಮ್ಮ ಅಜ್ಜನಿಗೆ ಇಬ್ಬರು. ಒಬ್ಬಾಕಿ ತಾಳಿ ಕಟ್ಟಿದಾಕಿ, ಇನ್ನೊಬ್ಬಾಕಿ ಊರ ಬಾಯಲ್ಲಿ "ಇಟ್ಟುಕೊಂಡಾಕಿ". ಅವ್ವ ಆ ಎರಡನೆಯಾಕಿಯ ಮಗಳು. ನಮ್ಮ ಭಾಗ ಮುಂಬೈ ಪ್ರಾಂತದಲ್ಲಿದ್ದಾಗಲೇ, 1946ರಲ್ಲೇ, ಹಿಂದೂ ಗಂಡಸು ಎರಡನೇ ಮದುವೆ ಆಗದಂತೆ ಕಾನೂನು ಬಂದಿತ್ತು. 1955ರ ಹಿಂದೂ ವಿವಾಹ ಕಾಯ್ದೆ ಅದನ್ನ ದೇಶಕ್ಕೆಲ್ಲ ತಂತು. ಹಾಗಾಗಿ ಅಜ್ಜ ಮದುವೆ ಆಗಲಿಲ್ಲ, ಇಟ್ಟುಕೊಂಡ. ಇಬ್ಬರು ಹೆಂಗಸರಲ್ಲಿ ಒಬ್ಬರನ್ನೂ "ನಿನಗ ಒಪ್ಪಿಗಿ ಐತೇನು" ಅಂತ ಕೇಳಲಿಲ್ಲ. ಅವ್ವನಿಗೆ ಮದುವೆ ಆದಮೇಲೆ ದೊಡ್ಡಮನೆಯ ಅಣ್ಣಂದಿರು ಒಂದು ಪಂಚಮಿಗೂ ಕರೆಯೋದಕ್ಕೆ ಬರಲಿಲ್ಲ. ಅವ್ವ ಪಕ್ಕದ ಮನೆಯವರ ಜೋಕಾಲಿ ಆಡಿ ಹಬ್ಬ ಕಳೆದಳು. "ಪಂಚಮಿಗೆ ಯಾರ ಮನಿಗೆ" ಅಂತ ಆಕೆ ಕೇಳಿದ್ದು ಕಥೆಯ ತಪ್ಪು ಹುಡುಕೋದಕ್ಕಲ್ಲ. ಅದು ಆಕೆಯ ಜೀವನದ ಪ್ರಶ್ನೆ.

ಆ ಪಂಚಮಿ ನಾವಿಬ್ಬರೂ ಸರಿಯಾಗಿ ಮಾತಾಡಲಿಲ್ಲ. "ನಾನು ಬರೆಯೋದು ಅಜ್ಜನ ಥರದ್ದಲ್ಲ ಅವ್ವಾ" ಅಂದೆ. "ಎಲ್ಲಾ ಗಂಡಸರೂ ಹಂಗ ಅಂತಿದ್ರು" ಅಂದಳು. ನಾನು ಗಂಡಸಲ್ಲ ಅಂತ ನಗಿಸೋದಕ್ಕೆ ನೋಡಿದೆ, ನಗಲಿಲ್ಲ.

ಮುಂದೆ ದೀಪಾವಳಿ ಬಂತು. ನಮ್ಮ ಕಡೆ ಪಾಡ್ಯದ ದಿನ ಸಗಣಿಯಲ್ಲಿ ಪಾಂಡವರನ್ನ ಮಾಡ್ತಾರೆ. ಚೆಂಡು ಹೂ, ಉತ್ತರಾಣಿ ಕಡ್ಡಿ ಸಿಗಿಸಿ ಬಾಗಿಲಿಗೆ ಇಡ್ತಾರೆ. ಅವ್ವ ಸಗಣಿ ಉಂಡೆ ಮಾಡ್ತಿದ್ದಳು, ನಾನು ಹೂ ಬಿಡಿಸ್ತಿದ್ದೆ. ಧೈರ್ಯ ಮಾಡಿ ಹೇಳಿದೆ: "ನೋಡವಾ, ಐದು ಮಂದಿ ಗಂಡಂದಿರನ್ನ ನಾವೇ ಬಾಗಿಲಿಗೆ ಕೂರಿಸಿ ಪೂಜಿ ಮಾಡ್ತೀವಿ. ನನ್ನ ಕಥಿಯೊಳಗ ಇಬ್ಬರೇ ಅದಾರ." ಅವ್ವ ಕೈ ನಿಲ್ಲಿಸಲಿಲ್ಲ. "ದ್ರೌಪದಿನ್ನ ಯಾರು ಕೇಳಿದ್ರು?" ಅಂದಳು.

ಹೌದಲ್ಲ! ನಾವು ಗದುಗಿನ ಜಿಲ್ಲೆಯವರು. ಕುಮಾರವ್ಯಾಸ ಭಾರತ ಬರೆದದ್ದು ವೀರನಾರಾಯಣನ ಗುಡಿಯಲ್ಲಿ ಅಂತ ಹೇಳಿಕೊಂಡು ಬೆಳೆದವರು. ಆದರೂ ಈ ಮಾತು ನನಗೆ ಹೊಳೆದಿರಲಿಲ್ಲ. ಅರ್ಜುನ ಗೆದ್ದು ತಂದ, ಕುಂತಿ ಒಳಗಿಂದಲೇ ಹಂಚಿಕೊಳ್ರಿ ಅಂದಳು, ಐವರೂ ಮದುವೆಯಾದರು. ಬಹುಪ್ರೇಮಕ್ಕೆ ಮನೆಯವರು ಅಡ್ಡ ಬರ್ತಾರೆ ಅಂತ ನಾವು ಬರೀತೀವಿ. ಅಲ್ಲಿ ಮನೆಯವರ ಮಾತೇ ಅವಳನ್ನ ಐವರಿಗೆ ಕೊಟ್ಟಿತು. ಆಮೇಲೆ ನಾರದ ಬಂದು ಸರದಿಯ ನಿಯಮ ಹಾಕಿಸ್ತಾನೆ: ಒಬ್ಬನ ಜೊತೆ ಅವಳು ಇರುವಾಗ ಇನ್ನೊಬ್ಬ ಒಳಗೆ ಬಂದರೆ ವನವಾಸ. ಬ್ರಾಹ್ಮಣನ ಹಸು ಬಿಡಿಸೋದಕ್ಕೆ ಆಯುಧ ಬೇಕಾಗಿ ಅರ್ಜುನ ನಿಯಮ ಮುರೀತಾನೆ, ಹೊರಡ್ತಾನೆ. ಅಂದರೆ ಆ ಕಥೆಯಲ್ಲಿ ಕ್ಯಾಲೆಂಡರ್ ಇದೆ, ಶಿಸ್ತು ಇದೆ, ಅವಳ ಒಪ್ಪಿಗೆಯ ಮಾತು ಮಾತ್ರ ಯಾರಿಗೂ ಮುಖ್ಯ ಆಗಿಲ್ಲ.

ಗಿರೀಶ ಕಾರ್ನಾಡರ 'ಹಯವದನ' 1971ರದ್ದು. ಪದ್ಮಿನಿ, ದೇವದತ್ತ, ಕಪಿಲ. ಪಾಂಡವರು ದ್ರೌಪದಿಯ ಹಾಗೆ ಮೂವರೂ ಕೂಡಿ ಬಾಳಬಹುದಾ ಅನ್ನೋ ಮಾತು ಆ ನಾಟಕದಲ್ಲೇ ಬರ್ತದೆ. ಆಗೋದಿಲ್ಲ ಅಂತ ಅಲ್ಲೇ ಮುಗೀತದೆ. ಗಂಡಸರಿಬ್ಬರೂ ಕಾದಾಡಿ ಸಾಯ್ತಾರೆ, ಅವಳು ಚಿತೆ ಏರ್ತಾಳೆ. ದೊಡ್ಡ ನಾಟಕ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಪ್ರೇಮಕಥೆ ಬರೆಯೋಳಿಗೆ ಕೆಲಸ ಶುರುವಾಗೋದು ಆ ಎರಡು ಮಾತಿನ ನಡುವೆ. ಆಗಬಹುದಾ, ಆಗೋದಿಲ್ಲ. ಆಗೋದಾದರೆ ಹೇಗೆ? ಹಬ್ಬದ ದಿನ ಹೇಗೆ?

ಮೂವತ್ತೂ ಕಂತು ಪಕ್ಕಕ್ಕಿಟ್ಟೆ. ಮೂವರನ್ನೂ ಬೆಂಗಳೂರಿಂದ ವಾಪಸ್ ಕರ್ಕೊಂಡು ಬಂದೆ. ಅವಳಿಗೆ ನರಗುಂದದಲ್ಲಿ ನೌಕರಿ. ಗಂಡ ಗಜೇಂದ್ರಗಡದ ನೇಕಾರ. ಗೆಳೆಯ ರೋಣದ ಹತ್ತಿರ ಉಳ್ಳಾಗಡ್ಡಿ ಬೆಳೆಯೋ ರೈತ. ಮೂರು ಊರು, ಮೂರು ಮನೆ, ನಡುವೆ ಬಸ್ಸು. ಆಮೇಲೆ ಗೋಡೆ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತೆ. ಯುಗಾದಿ, ಪಂಚಮಿ, ದೀಪಾವಳಿ ಪಾಡ್ಯ, ಹೊಲದಲ್ಲಿ ಚರಗ ಚೆಲ್ಲುವ ಎಳ್ಳಮಾಸಿ. ಒಂದೊಂದು ಹಬ್ಬಕ್ಕೂ ಮೂರು ಪ್ರಶ್ನೆ ಬರೆದೆ. ಯಾರು ಎಲ್ಲಿ ಉಣ್ತಾರೆ? ಯಾರಿಗೆ ಏನು ಹೇಳಿ ಹೋಗ್ತಾರೆ? ಆ ದಿನ ಒಬ್ಬನೇ ಉಳಿಯೋನು ಯಾರು?

ಮೂರನೇ ಪ್ರಶ್ನೆ ಬರೆದಾಗ ನನಗೇ ಗಾಬರಿ ಆಯ್ತು. ಎಲ್ಲಾ ಹಬ್ಬದಲ್ಲೂ ಒಬ್ಬನೇ ಉಳಿಯೋನು ಆ ರೈತ. ಹೆಸರು "ಬಹುಪ್ರೇಮ" ಅಂತಿಟ್ಟು ನಾನು ಇನ್ನೊಬ್ಬರು ಅಜ್ಜಿಯನ್ನ ಮಾಡಿದ್ದೆ, ಈ ಸಲ ಗಂಡಸಿನ ರೂಪದಲ್ಲಿ. ಎಲ್ಲರ ಒಪ್ಪಿಗೆ ಇದೆ ಅಂತ ಬರೆದ ಮಾತ್ರಕ್ಕೆ ಒಪ್ಪಿಗೆ ಆಗೋದಿಲ್ಲ. ಹಬ್ಬದ ದಿನ ಅವನಿಗೆ ಎಲ್ಲಿ ತಾಟು ಹಾಕಿದ್ದಾರೆ ಅಂತ ನೋಡಬೇಕು.

ಇನ್ನು ಕರೆಯೋ ಮಾತು. ಕಥೆಯಲ್ಲಿ ಅವಳಿಗೊಂದು ಕೂಸು. ಆ ಕೂಸು ಮೂರನೆಯವನನ್ನ ಏನಂತ ಕರೀಬೇಕು? ಮಾಮಾ ಅಂದರೆ ಅವಳ ಅಣ್ಣನೋ ತಮ್ಮನೋ ಆಗಿಬಿಟ್ಟ, ಅದು ತಪ್ಪು. ಅಂಕಲ್ ಅಂದರೆ ಬಾಡಿಗೆ ಕೇಳೋಕೆ ಬಂದವನ ಹಾಗೆ. ಮೂರು ದಿನ ಕೂತೆ. ಕೊನೆಗೆ "ಕಾಕಾ" ಅಂತ ಬರೆದೆ. ಕಾಕಾ ಅಂದರೆ ಗಂಡನ ತಮ್ಮ, ಮನೆಯ ಒಳಗಿನವನು. ಓಣಿಯವರು ಕೇಳಿದರೂ ಹುಬ್ಬು ಏರಿಸೋದಿಲ್ಲ, ಗೊತ್ತಿದ್ದವರಿಗೆ ಗೊತ್ತಿರ್ತದೆ. ಹೆಣ್ಣಿಗೆ ಹೆಣ್ಣು ಜೊತೆಯಾದರೆ ನಮ್ಮಲ್ಲಿ ಸಿಗೋ ಮಾತು ಸವತಿ ಒಂದೇ, ಅದರ ತುಂಬ ಜಗಳವೇ. ಅಂಥ ಕಡೆ ಅಕ್ಕ ತಂಗಿ ಅನ್ನೋ ಮಾತನ್ನೇ ಹಿಡಿದು ನಡೆಸಬೇಕು.

ಮನೆಯವರ ಬಗ್ಗೆ ಒಂದು ಮಾತು. ಇಂಥ ಕಥೆ ಬರೆಯೋ ಹೊಸಬರು ಅತ್ತೆ ಮಾವನನ್ನ ಖಳರನ್ನಾಗಿ ಮಾಡ್ತಾರೆ. ಇಲ್ಲಾ ಕೊನೆಯ ಕಂತಿನಲ್ಲಿ ಎಲ್ಲರನ್ನೂ ಅಪ್ಪಿಕೊಂಡು ಅಳೋ ಹಾಗೆ ಮಾಡ್ತಾರೆ. ನಮ್ಮ ಕಡೆ ಎರಡೂ ನಡೆಯೋದಿಲ್ಲ. ಅತ್ತೆಗೆ ಗೊತ್ತಿರ್ತದೆ, ಗೊತ್ತಿಲ್ಲದವಳ ಹಾಗೆ ಇರ್ತಾಳೆ. ಮಾವ ಮಳೆ ಬೆಳೆ ಅಷ್ಟೇ ಮಾತಾಡ್ತಾನೆ. ನಾದಿನಿ ಬೇಕಂತಲೇ ತಪ್ಪು ಹೊತ್ತಲ್ಲಿ ತಪ್ಪು ಪ್ರಶ್ನೆ ಕೇಳ್ತಾಳೆ. ಒಪ್ಪಿಗೆ ಬಂದರೆ ಭಾಷಣದಲ್ಲಿ ಬರೋದಿಲ್ಲ, ಬುತ್ತಿಯಲ್ಲಿ ಬರ್ತದೆ. ಕಾನೂನಿನ ಮಾತೂ ಮರೀಬಾರದು. 2018ರಲ್ಲಿ ಸುಪ್ರೀಂ ಕೋರ್ಟ್ 497ನೇ ಕಲಂ ರದ್ದು ಮಾಡಿದ ಮೇಲೆ ವ್ಯಭಿಚಾರ ಜೈಲಿಗೆ ಹಾಕುವ ಅಪರಾಧ ಅಲ್ಲ. ಹಾಗಂತ ಮೂರನೆಯವನಿಗೆ ಗಂಡನ ಹಕ್ಕು ಬರಲಿಲ್ಲ. ಆಸ್ಪತ್ರೆಯಲ್ಲಿ ಸಹಿ ಹಾಕೋವಾಗ, ಹೊಲದ ಪಾಲು ಬಂದಾಗ ಅವನು ಹೊರಗಿನವನೇ. ಪ್ರೇಮಕಥೆಯಲ್ಲೂ ಈ ನೋವು ಬರಬೇಕು.

ಕೊನೆಗೆ ಪಂಚಮಿಯ ಕಂತು ಬರೆದೆ. ನಮ್ಮಲ್ಲಿ ನಾಗಪ್ಪನಿಗೆ ಹಾಲೆರೆಯುವಾಗ ಒಬ್ಬೊಬ್ಬರ ಹೆಸರು ಹೇಳ್ತೀವಿ. ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಹೀಗೆ ಮನೆ ಮಂದಿಯದೆಲ್ಲ. ನನ್ನ ನಾಯಕಿ ತವರಿನಲ್ಲಿ ಹಾಲು ಎರೀತಾಳೆ. ಅಪ್ಪನದಾಯ್ತು, ಅಣ್ಣನದಾಯ್ತು, ಗಂಡನದಾಯ್ತು, ಕೂಸಿನದಾಯ್ತು. ಬಟ್ಟಲಲ್ಲಿ ಇನ್ನೂ ಹಾಲಿದೆ. ಬಾಯಿ ಬಿಡೋದಕ್ಕೆ ಆಗ್ತಿಲ್ಲ, ಸುತ್ತ ಎಲ್ಲರೂ ನಿಂತಿದ್ದಾರೆ. ಆಗ ಕೂಸು ಹೇಳ್ತದೆ: "ಕಾಕಾನ ಪಾಲು." ಅವಳ ಅವ್ವ ಒಂದು ಕ್ಷಣ ಮಗಳನ್ನ ನೋಡ್ತಾಳೆ. ಆಮೇಲೆ "ಎರಿಯವಾ, ಹೊತ್ತಾತು" ಅಂತಾಳೆ. ಅಷ್ಟೇ. ಆ ಕಂತಿಗೆ ಬಂದಷ್ಟು ಓದುಗರು ಮಳೆ, ಕಾಫಿಗೆ ಬಂದಿರಲಿಲ್ಲ.

ಈ ಸಲ ಪಂಚಮಿಗೆ ನಾನು ಊರಿಗೆ ಹೋಗಿದ್ದೆ. ಅವ್ವ ಆ ಕಂತು ಓದಿದ್ದಳು ಅಂತ ಗೊತ್ತಿತ್ತು. ಚಲೋ ಐತಿ ಅನ್ನಲಿಲ್ಲ, ಕೆಟ್ಟದೈತಿ ಅನ್ನಲಿಲ್ಲ. ಹಾಲೆರೆಯೋವಾಗ ಎಲ್ಲರ ಪಾಲೂ ಮುಗಿಸಿ, ಕೊನೆಗೆ ನನಗೆ ಕೇಳೋ ಹಾಗೆ ಒಂದು ಪಾಲು ಎರೆದಳು, ತನ್ನ ಅವ್ವನ ಹೆಸರಲ್ಲಿ. ನಾನು ನೋಡಿದಷ್ಟು ವರ್ಷದಲ್ಲಿ ಆ ಹೆಸರನ್ನ ಹಾಲೆರೆಯುವಾಗ ಹೇಳಿದ್ದು ಅದೇ ಮೊದಲು.

ವಾಪಸ್ ಬಸ್ಸು ಹತ್ತುವಾಗ ಉಂಡಿ ಡಬ್ಬಿ ಕೊಟ್ಟು ಕೇಳಿದಳು: "ದೀಪಾವಳಿಗೆ ಆ ಹುಡುಗನ್ನ ಎಲ್ಲಿ ಉಣ್ಣಾಕ ಕೂರಿಸ್ತಿ?"

ಇನ್ನೂ ಬರೆದಿಲ್ಲ. ಬರೀತಿದ್ದೀನಿ.