ಮೂರನೆಯ ಪ್ರಯತ್ನ

(ಕ್ರೀಡಾ ಬಹುಮಾನ ವಿತರಣೆಯ ಸಂದರ್ಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಕ್ರೀಡೆಯ ಬಗ್ಗೆ ನಾಲ್ಕು ಮಾತೆಂದರೆ ನೀವು ಕ್ರಿಕೆಟನ್ನೇ ನಿರೀಕ್ಷಿಸಿರಬಹುದು. ಕ್ರಿಕೆಟಿನ ಬಗ್ಗೆ ಮಾತನಾಡುವವರಿಗೆ ನಮ್ಮಲ್ಲಿ ಬರವಿಲ್ಲ. ನಾನು ಭಾರ ಎತ್ತುವವರ ಬಗ್ಗೆ, ಮುಖ್ಯವಾಗಿ ನಮ್ಮ ಕರಾವಳಿಯ ಗುರುರಾಜ ಪೂಜಾರಿಯವರ ಬಗ್ಗೆ ಹೇಳಬಯಸುತ್ತೇನೆ.

ಗುರುರಾಜ ಕುಂದಾಪುರ ಕಡೆಯವರು. ತಂದೆ ಪಿಕಪ್ ವಾಹನದ ಚಾಲಕರು, ಮನೆ ತುಂಬ ಮಕ್ಕಳು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಪದಕ ಗೆದ್ದುದನ್ನು ನೋಡಿ ಈ ಹುಡುಗನಿಗೆ ಕುಸ್ತಿಯ ಹುಚ್ಚು ಹಿಡಿಯಿತು. ಉಜಿರೆಯ ಎಸ್.ಡಿ.ಎಂ. ಕಾಲೇಜಿಗೆ ಬಂದಾಗ ಅಲ್ಲಿನ ತರಬೇತುದಾರರು ಅವರ ಮೈಕಟ್ಟನ್ನು ನೋಡಿ, ನಿನ್ನ ಜಾಗ ಇದಲ್ಲವೆಂದು ಕಬ್ಬಿಣದ ಸರಳಿನ ಮುಂದೆ ನಿಲ್ಲಿಸಿದರು. ಸೇನೆ ಸೇರುವ ಆಸೆಯಿತ್ತು, ಎತ್ತರ ಸಾಲಲಿಲ್ಲ. ಕೊನೆಗೆ ವಾಯುಪಡೆ ಕೆಲಸ ಕೊಟ್ಟಿತು. ಪೌಷ್ಟಿಕ ಆಹಾರದ ಖರ್ಚಿಗೆ ದಾರಿಯಾಯಿತು.

ಈ ಆಟದ ನಿಯಮ ಸರಳ, ಆದರೆ ಬಹಳ ನಿಷ್ಠುರ. ಒಂದೇ ಎಳೆತಕ್ಕೆ ಭಾರವನ್ನು ತಲೆಯ ಮೇಲೆತ್ತುವುದು ಸ್ನ್ಯಾಚ್. ಮೊದಲು ಹೆಗಲಿಗೆ, ಅಲ್ಲಿಂದ ಮೇಲಕ್ಕೆ ಎತ್ತುವುದು ಕ್ಲೀನ್ ಅಂಡ್ ಜರ್ಕ್. ಒಂದೊಂದಕ್ಕೂ ಮೂರು ಪ್ರಯತ್ನ. ಎರಡರಲ್ಲಿ ಯಾವುದರಲ್ಲಾದರೂ ಮೂರೂ ವಿಫಲವಾದರೆ ಒಟ್ಟು ಲೆಕ್ಕವೇ ಇಲ್ಲ. ಅಲ್ಲಿಯವರೆಗೆ ಎಷ್ಟೇ ಎತ್ತಿದ್ದರೂ ಬರಿಗೈ.

2018ರ ಏಪ್ರಿಲ್ 5ರಂದು ಆಸ್ಟ್ರೇಲಿಯದ ಗೋಲ್ಡ್ ಕೋಸ್ಟ್‌ನಲ್ಲಿ, ಕಾಮನ್‌ವೆಲ್ತ್ ಕ್ರೀಡಾಕೂಟದ 56 ಕಿಲೋ ವಿಭಾಗದಲ್ಲಿ ಗುರುರಾಜ ಸ್ನ್ಯಾಚ್‌ನಲ್ಲಿ 111 ಕಿಲೋ ಎತ್ತಿದರು. ಕ್ಲೀನ್ ಅಂಡ್ ಜರ್ಕ್‌ನಲ್ಲಿ 138 ಕಿಲೋ. ಮೊದಲ ಪ್ರಯತ್ನ ವಿಫಲ, ಎರಡನೆಯದೂ ವಿಫಲ. ಮೂರನೆಯದರಲ್ಲಿ ಎತ್ತಿದರು. ಒಟ್ಟು 249 ಕಿಲೋ, ಬೆಳ್ಳಿ ಪದಕ. ಆ ಕೂಟದಲ್ಲಿ ಭಾರತದ ಮೊದಲ ಪದಕ. ಮೂರನೆಯ ಸ್ಥಾನದ ಶ್ರೀಲಂಕಾದ ಸ್ಪರ್ಧಿಯದು 248. ಒಂದು ಕಿಲೋ ಅಂತರ! ಅದೇ ವರ್ಷ ಅವರ ತೂಕದ ವಿಭಾಗವನ್ನೇ ರದ್ದುಮಾಡಲಾಯಿತು. ಅವರು ಮೈತೂಕ ಹೆಚ್ಚಿಸಿಕೊಂಡು 61 ಕಿಲೋ ವಿಭಾಗಕ್ಕೆ ಹೋಗಿ, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 269 ಕಿಲೋ ಎತ್ತಿ ಕಂಚು ತಂದರು.

ಅದೇ ಮೂರನೆಯ ಪ್ರಯತ್ನ ಕೈಕೊಟ್ಟದ್ದೂ ಉಂಟು. ಮಣಿಪುರದ ಮೀರಾಬಾಯಿ ಚಾನು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಕ್ಲೀನ್ ಅಂಡ್ ಜರ್ಕ್‌ನ ಮೂರೂ ಪ್ರಯತ್ನ ಕಳೆದುಕೊಂಡು ಲೆಕ್ಕಕ್ಕೇ ಸಿಗದೆ ಹಿಂದಿರುಗಿದರು. 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ 202 ಕಿಲೋ ಎತ್ತಿ ಬೆಳ್ಳಿ ಗೆದ್ದರು.

ಇನ್ನು ವಿದ್ಯಾರ್ಥಿನಿಯರಿಗೆ ಒಂದು ಮಾತು. ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಈ ಸ್ಪರ್ಧೆ ಸಿಕ್ಕಿದ್ದೇ 2000ದ ಸಿಡ್ನಿಯಲ್ಲಿ. ಆಗಲೇ ಆಂಧ್ರದ ಕರ್ಣಂ ಮಲ್ಲೇಶ್ವರಿ 240 ಕಿಲೋ ಎತ್ತಿ ಕಂಚು ಗೆದ್ದರು. ಭಾರತದ ಮಹಿಳೆಗೆ ಸಿಕ್ಕ ಮೊದಲ ಒಲಿಂಪಿಕ್ ಪದಕವದು. ಕೊನೆಯ ಪ್ರಯತ್ನಕ್ಕೆ ಅವರು 137.5 ಕಿಲೋ ಹಾಕಿಸಿದ್ದರು, ಎತ್ತಿದ್ದರೆ ಚಿನ್ನ. ಉಡುಪಿನ ಅಡ್ಡಿಯ ಮಾತೂ ನಮ್ಮಲ್ಲಿ ಬರುತ್ತದೆ. ಮೊಣಕೈ ನೆಟ್ಟಗಾಯಿತೇ ಎಂದು ತೀರ್ಪುಗಾರರಿಗೆ ಕಾಣಬೇಕು, ಆದ್ದರಿಂದ ಅದನ್ನು ಮುಚ್ಚುವಂತಿಲ್ಲ ಎಂಬ ನಿಯಮವಿತ್ತು. ಪಾಕಿಸ್ತಾನಿ ಮೂಲದ ಅಮೆರಿಕನ್ ಮಹಿಳೆ ಕುಲ್ಸೂಮ್ ಅಬ್ದುಲ್ಲಾ ಪ್ರಶ್ನಿಸಿದ ಮೇಲೆ, 2011ರಲ್ಲಿ ಮೈಪೂರ್ತಿ ಮುಚ್ಚುವ ಬಿಗಿ ಉಡುಪಿಗೆ ಅಂತಾರಾಷ್ಟ್ರೀಯ ಒಕ್ಕೂಟ ಒಪ್ಪಿತು. ಈಜಿಪ್ಟಿನ ಸಾರಾ ಅಹ್ಮದ್ ತಲೆವಸ್ತ್ರ ಧರಿಸಿಯೇ 2016ರಲ್ಲಿ ಕಂಚು, 2024ರ ಪ್ಯಾರಿಸ್‌ನಲ್ಲಿ ಬೆಳ್ಳಿ ಗೆದ್ದರು. ಅಡ್ಡಿ ಉಳಿದಿದ್ದರೆ ಅದು ನಿಯಮದಲ್ಲಿಲ್ಲ, ನಮ್ಮ ಮನೆಗಳಲ್ಲಿದೆ.

ಹುಡುಗರಿಗೂ ಒಂದು ಎಚ್ಚರಿಕೆ. ಮೂರು ತಿಂಗಳಲ್ಲಿ ತೋಳು ಬೆಳೆಸುವ ಪುಡಿ, ಸೂಜಿಮದ್ದುಗಳ ಮಾತು ನಿಮ್ಮ ಕಿವಿಗೂ ಬಿದ್ದಿರುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನ ಮಹಿಳೆಯರ 75 ಕಿಲೋ ವಿಭಾಗದಲ್ಲಿ ಕಜಕಿಸ್ತಾನದ ಪೊದೊಬೆದೊವಾ, ರಷ್ಯದ ನತಾಲಿಯಾ ಜಬೊಲೊತ್ನಯಾ, ಬೆಲಾರುಸ್‌ನ ಕುಲೇಶಾ ಮೊದಲ ಮೂರು ಸ್ಥಾನ ಪಡೆದಿದ್ದರು. ಕಾಪಿಟ್ಟಿದ್ದ ಮೂತ್ರದ ಮಾದರಿಗಳನ್ನು ನಾಲ್ಕು ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ ಮೂವರೂ ಸಿಕ್ಕಿಬಿದ್ದರು, ಪದಕ ಹೋಯಿತು. ನಾಲ್ಕನೆಯವರಾಗಿ ಸುಮ್ಮನೆ ಮನೆಗೆ ಹೋಗಿದ್ದ ಸ್ಪೇನಿನ ಲಿಡಿಯಾ ವಾಲೆಂಟೀನ್ ಅವರಿಗೆ ಚಿನ್ನ ಸಂದಿತು. ಜಬೊಲೊತ್ನಯಾ 2004ರ ಅಥೆನ್ಸ್‌ನಲ್ಲೇ ಬೆಳ್ಳಿ ಗೆದ್ದಿದ್ದ ದೊಡ್ಡ ಪ್ರತಿಭೆ ಎಂಬುದನ್ನು ನೆನೆದರೆ ಬೇಸರವಾಗುತ್ತದೆ.

ಸಂಘದ ಹಿರಿಯರಲ್ಲಿ ನನ್ನದೊಂದು ವಿನಂತಿ. ವಿದ್ಯಾರ್ಥಿವೇತನಕ್ಕೆ ನೀವು ಪಡುವ ಶ್ರಮ ದೊಡ್ಡದು. ಅದರ ಜೊತೆಗೆ ಒಂದು ಕೋಣೆ, ಎರಡು ಸರಳು, ಕೆಲವು ತೂಕದ ಬಿಲ್ಲೆಗಳು, ತಿಳಿದ ಒಬ್ಬ ತರಬೇತುದಾರ – ಇಷ್ಟನ್ನು ಒದಗಿಸಲು ಸಾಧ್ಯವೇ ನೋಡಿ. ಮಹಿಳೆಯರ ಸರಳು 15 ಕಿಲೋ, ಪುರುಷರದು 20. ಸಂಜೆಯ ಒಂದು ಗಂಟೆಯನ್ನು ಹುಡುಗಿಯರಿಗೆಂದೇ ಬಿಟ್ಟುಕೊಡಿ. ಉಜಿರೆಯಲ್ಲಿ ಒಬ್ಬ ಹುಡುಗನನ್ನು ಗುರುತಿಸಲು ಒಬ್ಬರು ಇದ್ದರು. ನಮ್ಮ ಮಕ್ಕಳನ್ನು ನೋಡಲೂ ಯಾರಾದರೂ ಅಲ್ಲಿ ನಿಂತಿರಲಿ.